ಹುಲ್ಲಿನೊಳಗಿನ ಇನ್ನೊಂದು ಸಕ್ಕರೆ



ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳ ಪಕ್ಕ ಹಾದುಹೋದವರಿಗೆ ಆ ವಾಸನೆ ಗೊತ್ತು. ಸಿಹಿಯೂ ಇದೆ, ಹುಳಿಯೂ ಇದೆ, ಸ್ವಲ್ಪ ಕಮಟೂ ಸೇರಿದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕಕ್ಕೆ ಕಾಕಂಬಿ ಎನ್ನುತ್ತಾರೆ. ಅದು ಡಿಸ್ಟಿಲರಿಗೆ ಹೋಗುತ್ತದೆ. ಅಲ್ಲಿ ಅದಕ್ಕೆ ನೀರು ಬೆರೆಸುತ್ತಾರೆ, ಯೀಸ್ಟ್ ಹಾಕುತ್ತಾರೆ. ಒಂದೆರಡು ದಿನದಲ್ಲಿ ಅದರ ಸಕ್ಕರೆ ಮದ್ಯಸಾರವಾಗುತ್ತದೆ. ಬಟ್ಟಿ ಇಳಿಸಿ, ಉಳಿದ ನೀರಿನಂಶವನ್ನೂ ತೆಗೆದರೆ ಅದೇ ವಾಹನಕ್ಕೆ ಹಾಕುವ ಎಥೆನಾಲ್. ಇಂದು ದೇಶದ ಪೆಟ್ರೋಲ್ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರ ಹತ್ತಿರ ಎಥೆನಾಲ್ ಬೆರೆತಿರುತ್ತದೆ.

ಈ ಕೆಲಸ ಮಾಡುವ ಯೀಸ್ಟ್ ಒಂದು ಏಕಕೋಶ ಜೀವಿ. ಬೇಕರಿಯಲ್ಲಿ ಬ್ರೆಡ್ಡು ಉಬ್ಬಿಸುವುದೂ ಇದೇ ಜಾತಿ. ವಿಜ್ಞಾನಿಗಳು ಇಟ್ಟ ಹೆಸರು ಸ್ಯಾಕರೋಮೈಸಿಸ್ ಸೆರೆವಿಸಿಯೆ. ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರ್ ಜಾಗದಲ್ಲಿ ಸುಮಾರು 200 ಹಿಡಿಸುತ್ತವೆ. ಗ್ಲೂಕೋಸ್ ಎಂಬ ಸಕ್ಕರೆ ಇದಕ್ಕೆ ಬಹಳ ಇಷ್ಟ. ಒಂದು ಕಿಲೋ ಗ್ಲೂಕೋಸ್ ತಿಂದರೆ ಹೆಚ್ಚುಕಡಿಮೆ ಅರ್ಧ ಕಿಲೋ ಮದ್ಯಸಾರ ಕೊಡುತ್ತದೆ. ಉಳಿದರ್ಧ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ.

ಅದೇ ಕಾರ್ಖಾನೆಯ ಅಂಗಳದಲ್ಲಿ ಕಬ್ಬಿನ ಸಿಪ್ಪೆ ಗುಡ್ಡದಂತೆ ಬಿದ್ದಿರುತ್ತದೆ. ಅದು ಬಾಯ್ಲರಿಗೆ ಉರುವಲು. ಗದ್ದೆಯಲ್ಲಿ ಉಳಿದ ರವದಿಗೆ ರೈತರು ಬೆಂಕಿ ಹಚ್ಚುವುದುಂಟು. ಪಂಜಾಬ್, ಹರಿಯಾಣದಲ್ಲಿ ಭತ್ತದ ಹುಲ್ಲು ಉರಿಯುತ್ತದೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಮೆಕ್ಕೆಜೋಳ ಮುರಿದ ಮೇಲೆ ದಂಟು, ಗರಿ ಹೊಲದಲ್ಲೇ ಬಿದ್ದಿರುತ್ತವೆ. ಈ ಸಿಪ್ಪೆ, ರವದಿ, ಹುಲ್ಲು, ದಂಟು ಎಲ್ಲದರಲ್ಲೂ ಸಕ್ಕರೆ ಇದೆ. ಒಣ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಸಕ್ಕರೆಗಳೇ. ಆದರೆ ನಾಲಿಗೆಗೆ ಸಿಹಿ ಹತ್ತುವುದಿಲ್ಲ, ಯಾಕೆಂದರೆ ಆ ಸಕ್ಕರೆಯ ಅಣುಗಳು ಉದ್ದುದ್ದ ಸರಪಣಿಯಾಗಿ ಒಂದಕ್ಕೊಂದು ಬೆಸೆದುಕೊಂಡಿವೆ.

ಈ ಸಕ್ಕರೆಯನ್ನು ಯೀಸ್ಟಿಗೆ ತಿನ್ನಿಸುವುದು ಹೇಗೆ? ಕಳೆದ ನಾಲ್ಕೂವರೆ ದಶಕ ಅನೇಕ ಪ್ರಯೋಗಾಲಯಗಳು ಈ ಒಂದೇ ಪ್ರಶ್ನೆಯ ಬೆನ್ನು ಹತ್ತಿವೆ. ಇಂದಿನ ಮಾತು ಅದರ ಬಗ್ಗೆ.

ಮೊದಲು ಹುಲ್ಲಿನ ಒಳಗೆ ಏನಿದೆ ಎಂದು ನೋಡಬೇಕು. ಗಿಡದ ಪ್ರತಿಯೊಂದು ಕೋಶಕ್ಕೂ ಗಟ್ಟಿ ಗೋಡೆ ಇರುತ್ತದೆ. ಆ ಗೋಡೆಯ ಮುಖ್ಯ ವಸ್ತು ಸೆಲ್ಯುಲೋಸ್. ಹತ್ತಿಯ ಎಳೆ ಬಹುತೇಕ ಇದೇ ವಸ್ತು. ಸೆಲ್ಯುಲೋಸನ್ನು ಬಿಡಿಸಿದರೆ ಬರೀ ಗ್ಲೂಕೋಸ್ ಸಿಗುತ್ತದೆ. ಯೀಸ್ಟಿಗೆ ಬೇಕಾದ ಸಕ್ಕರೆ ಅದೇ. ಗೋಡೆಯ ಎರಡನೇ ವಸ್ತು ಹೆಮಿಸೆಲ್ಯುಲೋಸ್. ಇದನ್ನು ಬಿಡಿಸಿದರೆ ಸಿಗುವ ಮುಖ್ಯ ಸಕ್ಕರೆಯ ಹೆಸರು ಕ್ಸೈಲೋಸ್. ಮೂರನೆಯದು ಲಿಗ್ನಿನ್. ಅದು ಸಕ್ಕರೆಯಲ್ಲ. ಗಿಡಕ್ಕೆ ಗಡಸುತನ ಕೊಡುವ ವಸ್ತು.

ಗ್ಲೂಕೋಸಿನ ಒಂದು ಅಣುವಿನಲ್ಲಿ ಆರು ಇಂಗಾಲದ ಪರಮಾಣುಗಳು. ಕ್ಸೈಲೋಸಿನಲ್ಲಿ ಐದು. ವ್ಯತ್ಯಾಸ ಒಂದೇ ಒಂದು. ಆದರೆ ನಮ್ಮ ಬೇಕರಿ ಯೀಸ್ಟ್ ಕ್ಸೈಲೋಸನ್ನು ಮುಟ್ಟುವುದೇ ಇಲ್ಲ. ಹುಲ್ಲಿನಿಂದ ಬರುವ ಸಕ್ಕರೆಯಲ್ಲಿ ಕ್ಸೈಲೋಸಿನ ಪಾಲು ಸುಮಾರು ಮೂರನೇ ಒಂದು. ಹುಲ್ಲು ಕೊಂಡು, ಸಾಗಿಸಿ, ಕತ್ತರಿಸಿ, ಬೇಯಿಸಿ, ಕೊನೆಗೆ ಮೂರರಲ್ಲಿ ಒಂದು ಪಾಲು ಸಕ್ಕರೆಯನ್ನು ಚರಂಡಿಗೆ ಬಿಟ್ಟರೆ ಯಾವ ಕಾರ್ಖಾನೆಯೂ ಬದುಕುವುದಿಲ್ಲ.

ಸಕ್ಕರೆಯನ್ನು ಹುಲ್ಲಿನಿಂದ ಬಿಡಿಸುವ ಭಾಗವನ್ನು ಇಲ್ಲಿ ಚಿಕ್ಕದಾಗಿ ಹೇಳಿ ಮುಂದೆ ಹೋಗಬಹುದು. ಹುಲ್ಲನ್ನು ಹಬೆ ಮತ್ತು ಆಮ್ಲದಲ್ಲಿ ಬೇಯಿಸುತ್ತಾರೆ. ಆಮೇಲೆ ಕಿಣ್ವಗಳನ್ನು ಹಾಕುತ್ತಾರೆ. ಆ ಕಿಣ್ವಗಳ ಹಿಂದೆ ಒಂದು ಯುದ್ಧದ ಕತೆಯಿದೆ. ಎರಡನೇ ಮಹಾಯುದ್ಧದಲ್ಲಿ ಶಾಂತಸಾಗರದ ಸೊಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನಿಕರ ಹತ್ತಿ ಡೇರೆಗಳು, ಬೆಲ್ಟುಗಳು ಬೇಗಬೇಗ ಕೊಳೆತು ಹರಿದುಹೋಗುತ್ತಿದ್ದವು. ಕೊಳೆಸುತ್ತಿದ್ದ ಶಿಲೀಂಧ್ರಗಳನ್ನು ಸೈನ್ಯದ ವಿಜ್ಞಾನಿಗಳು ಸಂಗ್ರಹಿಸಿದರು. ಅವುಗಳಲ್ಲಿ ಒಂದು ಸೆಲ್ಯುಲೋಸನ್ನು ಗ್ಲೂಕೋಸಾಗಿ ಒಡೆಯುವುದರಲ್ಲಿ ಬಹಳ ಚುರುಕು. ಎಲ್ವಿನ್ ರೀಸ್, ಮೇರಿ ಮ್ಯಾಂಡೆಲ್ಸ್ ಎಂಬಿಬ್ಬರು ಅದರ ಮೇಲೆ ವರ್ಷಗಟ್ಟಲೆ ದುಡಿದರು. ಇಂದು ಅದಕ್ಕೆ ರೀಸ್ ಅವರ ಹೆಸರೇ ಇದೆ, ಟ್ರೈಕೋಡರ್ಮಾ ರೀಸಿಯೈ ಎಂದು. ಡೇರೆ ಹಾಳುಮಾಡಿದ ಆ ಶಿಲೀಂಧ್ರದ ವಂಶವೇ ಇಂದು ಕಾರ್ಖಾನೆಗಳಿಗೆ ಕಿಣ್ವ ಒದಗಿಸುತ್ತಿದೆ.

ಕೇಳುಗರೇ, ಇಲ್ಲಿಯವರೆಗಿನ ಮಾತು ಇಷ್ಟು. ಹುಲ್ಲಿನಲ್ಲಿ ಎರಡು ಮುಖ್ಯ ಸಕ್ಕರೆಗಳಿವೆ. ಆರು ಇಂಗಾಲದ ಗ್ಲೂಕೋಸನ್ನು ಯೀಸ್ಟ್ ತಿನ್ನುತ್ತದೆ. ಐದು ಇಂಗಾಲದ ಕ್ಸೈಲೋಸನ್ನು ತಿನ್ನುವುದಿಲ್ಲ. ಇನ್ನು, ಯಾಕೆ ತಿನ್ನುವುದಿಲ್ಲ ಎಂಬ ಪ್ರಶ್ನೆ.

ಉತ್ತರದ ಎಳೆ ಸಿಕ್ಕಿದ್ದು 1980ರ ಆಸುಪಾಸಿನಲ್ಲಿ. ಕ್ಸೈಲೋಸಿಗೆ ಒಬ್ಬ ಸೋದರ ಇದ್ದಾನೆ. ಹೆಸರು ಕ್ಸೈಲುಲೋಸ್. ಎರಡರಲ್ಲೂ ಅವೇ ಪರಮಾಣುಗಳು, ಅಷ್ಟೇ ಸಂಖ್ಯೆ. ಜೋಡಣೆ ಮಾತ್ರ ಬೇರೆ. ಕೆನಡಾದಲ್ಲಿ ಮತ್ತು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಸಂಶೋಧಕರು ಈ ಕ್ಸೈಲುಲೋಸನ್ನು ಬೇಕರಿ ಯೀಸ್ಟಿಗೆ ಕೊಟ್ಟು ನೋಡಿದರು. ಯೀಸ್ಟ್ ಅದನ್ನು ತಿಂದಿತು. ಮದ್ಯಸಾರವನ್ನೂ ಕೊಟ್ಟಿತು.

ಅಂದರೆ ಒಳಗಿನ ದಾರಿ ಬಹುಪಾಲು ಇದ್ದೇ ಇದೆ. ಕ್ಸೈಲೋಸಿನಿಂದ ಕ್ಸೈಲುಲೋಸಿಗೆ ದಾಟುವ ಒಂದು ಹೆಜ್ಜೆ ಮಾತ್ರ ಇಲ್ಲ. ಈ ಹೆಜ್ಜೆಯನ್ನು ಯೀಸ್ಟಿಗೆ ಕೊಟ್ಟರೆ ಸಾಕು ಎಂದು ಆಗ ಅನೇಕರಿಗೆ ಅನಿಸಿತು.

ಪ್ರಕೃತಿಯಲ್ಲಿ ಈ ಹೆಜ್ಜೆ ಇಡುವ ರೀತಿ ಎರಡು. ಬ್ಯಾಕ್ಟೀರಿಯಾಗಳು ಒಂದೇ ಕಿಣ್ವದಿಂದ ನೇರವಾಗಿ ದಾಟುತ್ತವೆ. ಕೆಲವು ಕಾಡು ಯೀಸ್ಟುಗಳು ಎರಡು ಕಿಣ್ವ ಬಳಸಿ ಸುತ್ತುಬಳಸಿ ದಾಟುತ್ತವೆ. ಅಂಥ ಒಂದು ಯೀಸ್ಟಿನ ಹೆಸರು ಪಿಕಿಯಾ ಸ್ಟಿಪಿಟಿಸ್. ಕೊಳೆಯುವ ಮರದ ಜೊತೆ ಬಾಳುವ ಯೀಸ್ಟ್ ಅದು. ಕ್ಸೈಲೋಸನ್ನು ಸಲೀಸಾಗಿ ತಿನ್ನುತ್ತದೆ. ಹಾಗಾದರೆ ನೇರವಾಗಿ ಅದನ್ನೇ ಕಾರ್ಖಾನೆಗೆ ತರಬಹುದಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ಆ ಯೀಸ್ಟಿಗೆ ಅಳೆದು ಕೊಟ್ಟಷ್ಟೇ ಗಾಳಿ ಬೇಕು. ಮದ್ಯಸಾರ ಸ್ವಲ್ಪ ಏರಿದರೂ ಸೋಲುತ್ತದೆ. ಬೇಕರಿ ಯೀಸ್ಟ್ ಹಾಗಲ್ಲ. ಗಾಳಿಯಿಲ್ಲದೆ ದುಡಿಯುತ್ತದೆ, ಮದ್ಯಸಾರ ಶೇಕಡಾ ಹತ್ತು ದಾಟಿದರೂ ತಡೆದುಕೊಳ್ಳುತ್ತದೆ. ಹಾಗಾಗಿ ಕಾಡು ಯೀಸ್ಟಿನ ಜೀನನ್ನು ತಂದು ಬೇಕರಿ ಯೀಸ್ಟಿಗೆ ಸೇರಿಸುವುದೇ ಸರಿ ಎಂದಾಯಿತು.

ಈ ಕೆಲಸದಲ್ಲಿ ಮೊದಲು ಹೇಳಬೇಕಾದ ಹೆಸರು ನ್ಯಾನ್ಸಿ ಹೋ. ಚೀನಾದಲ್ಲಿ ಹುಟ್ಟಿ, ತೈವಾನಿನಲ್ಲಿ ಓದಿ, ಅಮೆರಿಕಕ್ಕೆ ಬಂದು, ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಮಹಿಳೆ. ಯೀಸ್ಟಿಗೆ ಹೊರಗಿನ ಡಿಎನ್‌ಎ ಸೇರಿಸುವ ವಿಧಾನ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಷ್ಟೇ ಸಿದ್ಧಿಸಿತ್ತು. ಅದಾದ ಸ್ವಲ್ಪ ಕಾಲಕ್ಕೇ ಹೋ ಅವರು ಪರ್ಡ್ಯೂದಲ್ಲಿ ಈ ಕೆಲಸ ಕೈಗೆತ್ತಿಕೊಂಡರು. ಫಲ ಸಿಕ್ಕಿದ್ದು 1993ರಲ್ಲಿ. ಹತ್ತು ವರ್ಷಕ್ಕೂ ಮೀರಿದ ದುಡಿಮೆ.

ಅವರು ಮಾಡಿದ್ದಿಷ್ಟು. ಪಿಕಿಯಾ ಯೀಸ್ಟಿನ ಎರಡು ಜೀನುಗಳನ್ನು ತೆಗೆದುಕೊಂಡರು. ಕ್ಸೈಲೋಸನ್ನು ಕ್ಸೈಲುಲೋಸ್ ಮಾಡುವ ಆ ಎರಡು ಕಿಣ್ವಗಳ ಜೀನುಗಳವು. ಅದರ ಮುಂದಿನ ಹೆಜ್ಜೆಯ ಕಿಣ್ವ ಬೇಕರಿ ಯೀಸ್ಟಿನಲ್ಲೇ ಇತ್ತು, ಆದರೆ ಬಹಳ ಕಡಿಮೆ. ಅದರ ಜೀನನ್ನೂ ಹೆಚ್ಚಿಸಿದರು. ಒಟ್ಟು ಮೂರು ಜೀನು. ಈ ಹೊಸ ಯೀಸ್ಟ್ ಒಂದೇ ತೊಟ್ಟಿಯಲ್ಲಿ ಗ್ಲೂಕೋಸನ್ನೂ ಕ್ಸೈಲೋಸನ್ನೂ ಮದ್ಯಸಾರವಾಗಿಸಿತು. ಮೊದಲು ಈ ಜೀನುಗಳು ವರ್ಣತಂತುವಿನ ಹೊರಗೆ ತೇಲುವ ಡಿಎನ್‌ಎ ಉಂಗುರದಲ್ಲಿದ್ದವು. ಹಾಗಿದ್ದರೆ ತಲೆಮಾರು ಕಳೆದಂತೆ ಕಳಚಿಹೋಗುವ ಅಪಾಯವಿದೆ. ಹೋ ಅವರು ಆಮೇಲೆ ಅವುಗಳ ಹಲವು ಪ್ರತಿಗಳನ್ನು ಯೀಸ್ಟಿನ ವರ್ಣತಂತುವಿನೊಳಕ್ಕೇ ಸೇರಿಸಿ ಭದ್ರಪಡಿಸಿದರು. ಕಾರ್ಖಾನೆಗೆ ಬೇಕಾದದ್ದು ಇಂಥ ಯೀಸ್ಟೇ. 2004ರಲ್ಲಿ ಕೆನಡಾದ ಐಯೊಜೆನ್ ಕಂಪನಿ ಒಟ್ಟಾವದಲ್ಲಿ ಗೋಧಿ ಹುಲ್ಲಿನಿಂದ ಎಥೆನಾಲ್ ಮಾಡಿದಾಗ ಈ ಯೀಸ್ಟನ್ನು ಪರವಾನಗಿ ಪಡೆದು ಬಳಸಿತು. ಹೋ ಅವರಿಗೆ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕವನ್ನು ಅಧ್ಯಕ್ಷ ಒಬಾಮ 2016ರಲ್ಲಿ ಕೊಟ್ಟರು. ಎಂಬತ್ತರ ಹರೆಯದಲ್ಲಿ ಬಂದ ಆ ಗೌರವ ಬಹಳ ತಡವಾಯಿತು ಎಂದೇ ಹೇಳಬೇಕು.

ಅದೇ ಕಾಲದಲ್ಲಿ ಬ್ಯಾಕ್ಟೀರಿಯಾಗಳನ್ನು ತಿದ್ದಿ ಈ ಕೆಲಸ ಮಾಡಿಸಿದವರೂ ಇದ್ದರು. ಫ್ಲಾರಿಡಾದ ಲಾನಿ ಇಂಗ್ರಾಮ್ ಅವರ ಬ್ಯಾಕ್ಟೀರಿಯಾಕ್ಕೆ 1991ರಲ್ಲಿ ಸಿಕ್ಕಿದ್ದು ಅಮೆರಿಕದ ಐವತ್ತು ಲಕ್ಷನೇ ಪೇಟೆಂಟ್. ಆದರೂ ಹೆಚ್ಚಿನವರು ಯೀಸ್ಟನ್ನು ಬಿಡಲಿಲ್ಲ. ಬ್ಯಾಕ್ಟೀರಿಯಾಕ್ಕೆ ವೈರಸ್ ತಗುಲಿದರೆ ಇಡೀ ತೊಟ್ಟಿ ಹಾಳು. ಯೀಸ್ಟಿಗೆ ಆ ಭಯ ಇಲ್ಲ. ಹುಳಿಯಲ್ಲೂ ಬದುಕುತ್ತದೆ. ಡಿಸ್ಟಿಲರಿಯವರಿಗೆ ಅದರ ಸ್ವಭಾವವೂ ಗೊತ್ತು.

ಈಗ ಹೋ ಅವರ ಯೀಸ್ಟಿನ ಕೊರತೆಗೆ ಬರೋಣ. ಅವರು ಆರಿಸಿದ್ದು ಎರಡು ಕಿಣ್ವಗಳ ಸುತ್ತುದಾರಿ. ಆ ದಾರಿಯ ನಡುವೆ ಕ್ಸೈಲಿಟಾಲ್ ಎಂಬ ವಸ್ತು ಬರುತ್ತದೆ. ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮಿನಲ್ಲಿ ಸಿಹಿಗೆ ಹಾಕುವುದು ಇದನ್ನೇ. ಮೊದಲ ಕಿಣ್ವ ಕ್ಸೈಲೋಸಿಗೆ ಹೈಡ್ರೋಜನ್ ಸೇರಿಸಿ ಕ್ಸೈಲಿಟಾಲ್ ಮಾಡುತ್ತದೆ. ಎರಡನೇ ಕಿಣ್ವ ಹೈಡ್ರೋಜನ್ ತೆಗೆದು ಕ್ಸೈಲುಲೋಸ್ ಮಾಡುತ್ತದೆ. ಹೈಡ್ರೋಜನ್ ಹೊತ್ತು ತರುವ, ಹೊತ್ತೊಯ್ಯುವ ಅಣುಗಳು ಎರಡು ಬಗೆಯವು. ಮೊದಲ ಕಿಣ್ವಕ್ಕೆ ಒಂದು ಬಗೆ ಇಷ್ಟ. ಎರಡನೆಯದು ಇನ್ನೊಂದು ಬಗೆಯನ್ನು ಮಾತ್ರ ಮುಟ್ಟುತ್ತದೆ. ಸಂತೆಯಲ್ಲಿ ಒಬ್ಬ ವ್ಯಾಪಾರಿ ಹತ್ತರ ನೋಟೇ ಬೇಕು ಎಂದು ಹಟ ಹಿಡಿದು, ಪಕ್ಕದವನು ಬರೀ ಚಿಲ್ಲರೆ ನಾಣ್ಯವನ್ನೇ ಕೊಡುತ್ತ ಹೋದರೆ ಏನಾಗುತ್ತದೆ? ಸ್ವಲ್ಪ ಹೊತ್ತಿಗೆ ನೋಟು ಖಾಲಿ, ನಾಣ್ಯದ ರಾಶಿ. ವ್ಯವಹಾರ ನಿಲ್ಲುತ್ತದೆ. ಯೀಸ್ಟಿನೊಳಗೂ ಹಾಗೇ ಆಯಿತು. ಗಾಳಿಯಿಲ್ಲದ ತೊಟ್ಟಿಯಲ್ಲಿ ಅಣುಗಳ ಲೆಕ್ಕ ತಪ್ಪಿ ಕ್ಸೈಲಿಟಾಲ್ ಹೊರಗೆ ಸೋರತೊಡಗಿತು. ಸೋರಿದಷ್ಟು ಮದ್ಯಸಾರ ಕಡಿಮೆ.

ಇನ್ನೊಂದು ದಾರಿ ಬ್ಯಾಕ್ಟೀರಿಯಾದ್ದು. ಒಂದೇ ಕಿಣ್ವ, ನೇರ ದಾಟು. ಹೈಡ್ರೋಜನಿನ ಗೊಡವೆಯೇ ಇಲ್ಲ. ಆ ಕಿಣ್ವದ ಹೆಸರು ಕ್ಸೈಲೋಸ್ ಐಸೊಮರೇಸ್. ಆದರೆ ಬ್ಯಾಕ್ಟೀರಿಯಾದ ಈ ಜೀನನ್ನು ಯೀಸ್ಟಿಗೆ ಹಾಕಿದಾಗಲೆಲ್ಲ ಕಿಣ್ವ ಸರಿಯಾಗಿ ರೂಪುಗೊಳ್ಳುತ್ತಿರಲಿಲ್ಲ, ಇಲ್ಲವೆ ಯೀಸ್ಟ್ ಬದುಕುವ ಉಷ್ಣತೆಯಲ್ಲಿ ಬಹಳ ಮಂದವಾಗಿ ಕೆಲಸ ಮಾಡುತ್ತಿತ್ತು. ಎಂಬತ್ತು ಮತ್ತು ತೊಂಬತ್ತರ ದಶಕಗಳ ಪ್ರಯತ್ನಗಳೆಲ್ಲ ಬಹುತೇಕ ಇಲ್ಲೇ ನಿಂತವು.

ಇಲ್ಲಿಗೆ ಎರಡು ದಾರಿಗಳನ್ನು ನೋಡಿದಂತಾಯಿತು. ಸುತ್ತುದಾರಿ ನಡೆಯುತ್ತದೆ, ಆದರೆ ಸೋರುತ್ತದೆ. ನೇರದಾರಿ ಸೋರುವುದಿಲ್ಲ, ಆದರೆ ನಡೆಯುತ್ತಿಲ್ಲ. ಈ ಬಿಕ್ಕಟ್ಟು ಬಿಡಿಸಿದ್ದು ಆನೆಯ ಲದ್ದಿ.

ಹುಲ್ಲು ತಿನ್ನುವ ಪ್ರಾಣಿಗಳ ಹೊಟ್ಟೆಯಲ್ಲಿ ಗಾಳಿಯಿಲ್ಲದೆ ಬದುಕುವ ಶಿಲೀಂಧ್ರಗಳಿವೆ. ಅವು ಶಿಲೀಂಧ್ರಗಳೆಂದು 1970ರ ದಶಕದವರೆಗೆ ಯಾರೂ ಗುರುತಿಸಿರಲಿಲ್ಲ. ಬ್ರಿಟನ್ನಿನ ಕಾಲಿನ್ ಆರ್ಪಿನ್ 1975ರಲ್ಲಿ ಕುರಿಯ ಹೊಟ್ಟೆಯಲ್ಲಿ ಇಂಥದ್ದನ್ನು ಗುರುತಿಸಿದರು. ನೆದರ್‌ಲ್ಯಾಂಡ್ಸಿನ ನೈಮೇಖನ್ ನಗರದ ವಿಶ್ವವಿದ್ಯಾಲಯದಲ್ಲಿ ಇಂಥ ಶಿಲೀಂಧ್ರಗಳನ್ನು ಬೆಳೆಸಿ ಅಭ್ಯಾಸ ಮಾಡುತ್ತಿದ್ದರು. ಅವುಗಳಲ್ಲೊಂದು ಪಿರೊಮೈಸಿಸ್. ಅದನ್ನು ಬೇರ್ಪಡಿಸಿದ್ದು ಭಾರತದ ಆನೆಯ ಲದ್ದಿಯಿಂದ. ನಾಗರಹೊಳೆ, ಬಂಡೀಪುರದಲ್ಲಿ ಬಿದಿರು ಮುರಿದು ತಿನ್ನುವ ಆನೆ ಇದೆಯಲ್ಲ, ಅದೇ ಜಾತಿ. ಈ ಶಿಲೀಂಧ್ರದಲ್ಲಿ ಒಂದು ವಿಶೇಷ ಕಂಡಿತು. ಶಿಲೀಂಧ್ರಗಳೆಲ್ಲ ಸುತ್ತುದಾರಿ ಹಿಡಿಯುತ್ತವೆ ಎಂದುಕೊಂಡಿದ್ದರೆ, ಇದು ಬ್ಯಾಕ್ಟೀರಿಯಾದ ನೇರದಾರಿ ಹಿಡಿದಿತ್ತು. ಹೊಟ್ಟೆಯೊಳಗೆ ಅಕ್ಕಪಕ್ಕ ಬದುಕುತ್ತ ಯಾವುದೋ ಕಾಲದಲ್ಲಿ ಬ್ಯಾಕ್ಟೀರಿಯಾದ ಜೀನು ಶಿಲೀಂಧ್ರಕ್ಕೆ ದಾಟಿದೆ ಎಂದು ವಿಜ್ಞಾನಿಗಳು ಹೇಳುತ್ತಾರೆ.

ಯೀಸ್ಟೂ ಒಂದು ಬಗೆಯ ಶಿಲೀಂಧ್ರವೇ. ಶಿಲೀಂಧ್ರದೊಳಗೆ ಕೆಲಸ ಮಾಡುವ ಕಿಣ್ವ ಯೀಸ್ಟಿನೊಳಗೂ ಮಾಡಬಹುದು. ನೆದರ್‌ಲ್ಯಾಂಡ್ಸಿನದೇ ಆದ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಜ್ಯಾಕ್ ಪ್ರಾಂಕ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಡೆಲ್ಫ್ಟ್ ಊರಿಗೂ ಯೀಸ್ಟಿಗೂ ಹಳೆಯ ನಂಟು. ಯೀಸ್ಟಿನ ಕಣಗಳನ್ನು ಮೊಟ್ಟಮೊದಲು ಕಂಡವರು ಲೇವೆನ್‌ಹುಕ್. 1680ರಲ್ಲಿ, ತಾವೇ ಮಾಡಿದ ಸೂಕ್ಷ್ಮದರ್ಶಕದಲ್ಲಿ, ಇದೇ ಊರಿನಲ್ಲಿ.

2003ರಲ್ಲಿ ಡೆಲ್ಫ್ಟ್ ತಂಡದ ಫಲಿತಾಂಶ ಬಂತು. ಆನೆ ಲದ್ದಿಯ ಶಿಲೀಂಧ್ರದ ಜೀನು ಯೀಸ್ಟಿನಲ್ಲಿ ಕೆಲಸ ಮಾಡಿತು. ಆದರೆ ಎಷ್ಟು ನಿಧಾನ! ಕ್ಸೈಲೋಸ್ ಒಂದನ್ನೇ ಕೊಟ್ಟರೆ ಒಂದು ಕೋಶ ಎರಡಾಗಲು ಐದಾರು ದಿನ ಹಿಡಿಯುತ್ತಿತ್ತು. ಗ್ಲೂಕೋಸಿನಲ್ಲಿ ಇದೇ ಯೀಸ್ಟಿಗೆ ಸಾಕಾಗುವುದು ಎರಡು ತಾಸು. ಕಾರ್ಖಾನೆಯ ಮಾತಿರಲಿ, ಪ್ರಯೋಗಾಲಯದಲ್ಲೂ ಇದು ತಾಳ್ಮೆ ಕೆಡಿಸುವ ವೇಗ.

ಆಗ ತಂಡ ಎರಡು ಕೆಲಸ ಮಾಡಿತು. ಒಂದು ತಿದ್ದುಪಡಿ. ಕ್ಸೈಲುಲೋಸಿನಿಂದ ಮುಂದಿನ ಐದು ಹೆಜ್ಜೆಗಳ ಕಿಣ್ವಗಳನ್ನೂ ಹೆಚ್ಚಿಸಿದರು. ಕ್ಸೈಲಿಟಾಲ್ ಮಾಡುವ ಯೀಸ್ಟಿನ ಸ್ವಂತ ಜೀನೊಂದನ್ನು ಕಿತ್ತು ಹಾಕಿದರು. ಇನ್ನೊಂದು, ಕಾಯುವುದು. ಯೀಸ್ಟನ್ನು ಕ್ಸೈಲೋಸಿನಲ್ಲಿ ತಿಂಗಳುಗಟ್ಟಲೆ ಬೆಳೆಸಿದರು. ಹಳೆ ದ್ರವ ತೆಗೆದು ಹೊಸದು ತುಂಬುತ್ತ ಹೋದರು. ಪ್ರತಿ ತಲೆಮಾರಿನಲ್ಲೂ ಅಲ್ಲೊಂದು ಇಲ್ಲೊಂದು ಕೋಶದ ಡಿಎನ್‌ಎಯಲ್ಲಿ ತಾನಾಗಿ ಬದಲಾವಣೆ ಆಗುತ್ತದೆ. ಯಾವುದು ಚೂರು ಬೇಗ ಬೆಳೆಯಿತೋ ಅದರ ಸಂತಾನ ತೊಟ್ಟಿ ತುಂಬಿತು. ಉಳಿದವು ಹೊರಗೆ ಹರಿದುಹೋದವು. ತಿದ್ದುಪಡಿಯೊಂದರಿಂದಲೇ, ಗಾಳಿಯೇ ಇಲ್ಲದ ತೊಟ್ಟಿಯಲ್ಲಿ, ಕೋಶ ಎರಡಾಗಲು ಹಿಡಿಯುವ ಕಾಲ ಸುಮಾರು ಎಂಟು ತಾಸಿಗೆ ಇಳಿಯಿತು, ಕಾಯುವಿಕೆ ಯೀಸ್ಟನ್ನು ಇನ್ನಷ್ಟು ಚುರುಕಾಗಿಸಿತು. ಐದಾರು ದಿನದಿಂದ ಎಂಟು ತಾಸಿಗೆ. ಈ ಇಡೀ ಕತೆಯಲ್ಲಿ ಅತ್ಯಂತ ಮೆಚ್ಚಬೇಕಾದ ಘಟ್ಟ ಇದೇ.

ಕಾದು ಕುಳಿತಾಗ ಯೀಸ್ಟಿನೊಳಗೆ ಏನು ಬದಲಾಯಿತು? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥದ್ದೇ ಪ್ರಯೋಗ ನಡೆಸಿ, ಬದಲಾದ ಡಿಎನ್‌ಎ ಓದಿ, 2016ರಲ್ಲಿ ಪ್ರಕಟಿಸಿದರು. ಯೀಸ್ಟಿನಲ್ಲಿ ಸುಮಾರು ಆರು ಸಾವಿರ ಜೀನುಗಳಿವೆ. ಅವುಗಳಲ್ಲಿ ನಾಲ್ಕೇ ನಾಲ್ಕು ಕೆಟ್ಟಿದ್ದವು. ಒಂದು ಕ್ಸೈಲಿಟಾಲಿಗೆ ಸಂಬಂಧಿಸಿದ್ದು. ಅದು ನಿರೀಕ್ಷಿತವೇ. ಉಳಿದ ಮೂರಕ್ಕೂ ಸಕ್ಕರೆಯ ದಾರಿಗೂ ನೇರ ಸಂಬಂಧವೇ ಇಲ್ಲ. ಒಂದು ಕಬ್ಬಿಣ ಮತ್ತು ಗಂಧಕ ಕೂಡಿದ ಘಟಕಗಳನ್ನು ಜೋಡಿಸುವ ಜೀನು. ಇನ್ನೆರಡು ಕೋಶದೊಳಗೆ ಸುದ್ದಿ ಮುಟ್ಟಿಸುವ ಜೀನುಗಳು, ಒತ್ತಡ ಬಂದಾಗ ಎಚ್ಚರಿಸುವುದು, ಆಹಾರ ಇದೆಯೋ ಇಲ್ಲವೋ ಎಂದು ತಿಳಿಸುವುದು. ಕ್ಸೈಲೋಸ್ ಎದುರಿಗಿದ್ದರೂ ಅದನ್ನು ಆಹಾರ ಎಂದು ಯೀಸ್ಟ್ ಪೂರ್ತಿ ಒಪ್ಪಿರಲಿಲ್ಲ. ಆ ತಡೆ ಬಿದ್ದಾಗ ಮಾತ್ರ ಅದು ದುಡಿಯತೊಡಗಿತು. ಯಾವ ಮೇಧಾವಿಯೂ ಈ ನಾಲ್ಕು ಹೆಸರನ್ನು ಮುಂಚಿತವಾಗಿ ಬರೆದುಕೊಡಲು ಸಾಧ್ಯವಿರಲಿಲ್ಲ.

ಕೇಳುಗರೇ, ಈಗ ಯೀಸ್ಟಿಗೆ ಕ್ಸೈಲೋಸ್ ತಿನ್ನುವುದು ಬಂತು. ದಾರಿಯೂ ಸಿಕ್ಕಿತು, ವೇಗವೂ ಬಂತು. ಆದರೆ ಕಾರ್ಖಾನೆಯ ತೊಟ್ಟಿಯಲ್ಲಿ ಗ್ಲೂಕೋಸ್ ಮತ್ತು ಕ್ಸೈಲೋಸ್ ಒಟ್ಟಿಗೇ ಇರುತ್ತವೆ. ಆಗ ಬೇರೆ ಸಮಸ್ಯೆ ಎದುರಾಯಿತು.

ಸಕ್ಕರೆ ಕೋಶದೊಳಗೆ ಹೋಗುವುದು ಕೋಶದ ಪೊರೆಯಲ್ಲಿರುವ ಪ್ರೋಟೀನ್ ಬಾಗಿಲುಗಳ ಮೂಲಕ. ಕ್ಸೈಲೋಸಿಗೆಂದೇ ಬೇರೆ ಬಾಗಿಲಿಲ್ಲ. ಗ್ಲೂಕೋಸಿನ ಬಾಗಿಲಲ್ಲೇ ನುಗ್ಗಬೇಕು. ಗ್ಲೂಕೋಸ್ ಇರುವಷ್ಟು ಹೊತ್ತು ಅದಕ್ಕೆ ಎಡೆ ಸಿಗದು. ಹೀಗಾಗಿ ಯೀಸ್ಟ್ ಮೊದಲು ಗ್ಲೂಕೋಸನ್ನೆಲ್ಲ ಮುಗಿಸುತ್ತದೆ. ಕ್ಸೈಲೋಸಿನ ಸರದಿ ಬರುವಷ್ಟರಲ್ಲಿ ಮದ್ಯಸಾರ ಏರಿ, ಯೀಸ್ಟ್ ಬಳಲಿರುತ್ತದೆ.

ಜರ್ಮನಿಯ ಫ್ರಾಂಕ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ ಎಕಾರ್ಟ್ ಬೋಲೆಸ್ ಅವರ ತಂಡ ಇದಕ್ಕೆ ಮಾಡಿದ ಉಪಾಯ ಬಹಳ ಚೆಂದದ್ದು. ಅವರು ಒಂದು ಯೀಸ್ಟಿನಲ್ಲಿ ಗ್ಲೂಕೋಸನ್ನು ಬಳಸುವ ಜೀನುಗಳನ್ನೆಲ್ಲ ಕಿತ್ತುಹಾಕಿದರು. ಆ ಯೀಸ್ಟಿಗೆ ಗ್ಲೂಕೋಸ್ ಅನ್ನವಲ್ಲ. ಕ್ಸೈಲೋಸ್ ಮಾತ್ರ ಅನ್ನ. ಆಮೇಲೆ ಎರಡು ಸಕ್ಕರೆಯನ್ನೂ ಬೆರೆಸಿ ಕೊಟ್ಟರು. ಗ್ಲೂಕೋಸ್ ಬಾಗಿಲಿಗೆ ಅಡ್ಡ ನಿಂತಿದೆ. ಕ್ಸೈಲೋಸ್ ಒಳಗೆ ಬಾರದೆ ಯೀಸ್ಟ್ ಉಪವಾಸ. ಯಾವ ಕೋಶದ ಬಾಗಿಲು ಗ್ಲೂಕೋಸನ್ನು ಗಣನೆಗೆ ತಾರದೆ ಕ್ಸೈಲೋಸನ್ನು ಒಳಗೆ ಬಿಟ್ಟಿತೋ ಅದು ಮಾತ್ರ ಬೆಳೆಯಿತು. ಅಂಥ ಕೋಶಗಳನ್ನು ಆರಿಸಿ ನೋಡಿದರೆ ಆ ಬಾಗಿಲಿನ ಪ್ರೋಟೀನಿನಲ್ಲಿ ಒಂದು ಅಮೈನೋ ಆಮ್ಲ ಬದಲಾಗಿತ್ತು. ಐನೂರಕ್ಕೂ ಹೆಚ್ಚು ಕೊಂಡಿಗಳ ಸರಪಣಿಯಲ್ಲಿ ಒಂದೇ ಒಂದು ಕೊಂಡಿ. ಇದು 2014ರ ಮಾತು.

ಇನ್ನೊಂದು ಕಷ್ಟವೂ ಇದೆ. ಹುಲ್ಲನ್ನು ಆಮ್ಲದಲ್ಲಿ ಬೇಯಿಸುವಾಗ ಸಕ್ಕರೆಯ ಜೊತೆ ಅಸಿಟಿಕ್ ಆಮ್ಲವೂ ಬಿಡುಗಡೆಯಾಗುತ್ತದೆ. ವಿನಿಗರಿನ ಹುಳಿ ಅದೇ. ಬೆಂದು ಕೆಟ್ಟ ಸಕ್ಕರೆಯಿಂದ ಫರ್ಫ್ಯುರಾಲ್ ಎಂಬ ವಿಷ ಹುಟ್ಟುತ್ತದೆ. ಶುದ್ಧ ಸಕ್ಕರೆ ನೀರಿನಲ್ಲಿ ಚುರುಕಾಗಿದ್ದ ಯೀಸ್ಟ್ ಈ ಕಂದು ದ್ರವದಲ್ಲಿ ಸೊರಗುತ್ತದೆ. ಇದಕ್ಕೂ ಡೆಲ್ಫ್ಟಿನವರು ಒಂದು ದಾರಿ ತೋರಿಸಿದರು. 2010ರಲ್ಲಿ, ಒಂದು ಬ್ಯಾಕ್ಟೀರಿಯಾದ ಜೀನು ಸೇರಿಸಿ, ಆ ಅಸಿಟಿಕ್ ಆಮ್ಲವನ್ನೇ ಮದ್ಯಸಾರವಾಗಿಸುವ ಯೀಸ್ಟ್ ಮಾಡಿದರು. ಯೀಸ್ಟನ್ನು ಕೊಲ್ಲುವ ವಸ್ತುವೇ ಕಚ್ಚಾಮಾಲಾಯಿತು.

ಇಲ್ಲಿ ಬ್ರೆಜಿಲಿನ ಮಾತೊಂದನ್ನು ಹೇಳಲೇಬೇಕು. ಅಲ್ಲಿ ಕಬ್ಬಿನ ಹಾಲು, ಕಾಕಂಬಿಯಿಂದ ಎಥೆನಾಲ್ ಮಾಡುವ ಕಾರ್ಖಾನೆಗಳು ಒಂದೇ ಯೀಸ್ಟನ್ನು ಇಡೀ ಹಂಗಾಮು ಬಳಸುತ್ತವೆ. ಪ್ರತಿ ಸಲ ಹುದುಗಿದ ಮೇಲೆ ಯೀಸ್ಟನ್ನು ಬೇರೆ ಮಾಡಿ, ಗಂಧಕಾಮ್ಲ ಬೆರೆಸಿದ ನೀರಿನಲ್ಲಿ ತೊಳೆದು, ಮತ್ತೆ ತೊಟ್ಟಿಗೆ ಹಾಕುತ್ತಾರೆ. ಹೀಗೆ ಇನ್ನೂರು ದಿನಕ್ಕೂ ಹೆಚ್ಚು. ಅಂಗಡಿಯಿಂದ ತಂದ ಬೇಕರಿ ಯೀಸ್ಟ್ ಇದರಲ್ಲಿ ಕೆಲವೇ ವಾರ ಬಾಳುತ್ತದೆ. ಕಬ್ಬಿನ ಜೊತೆ ಬಂದ ಕಾಡು ಯೀಸ್ಟುಗಳು ಅದನ್ನು ಹೊರದಬ್ಬುತ್ತವೆ. ಪಿರಾಸಿಕಾಬಾ ಊರಿನ ಕೃಷಿ ಕಾಲೇಜಿನ ವಿಜ್ಞಾನಿಗಳು ವರ್ಷಗಟ್ಟಲೆ ತೊಟ್ಟಿಗಳಿಂದ ಮಾದರಿ ತೆಗೆದು, ಹಂಗಾಮಿನ ಕೊನೆಯವರೆಗೂ ಉಳಿಯುವ ತಳಿಗಳನ್ನು ಹುಡುಕಿದರು. ಪಿಇ-2 ಎಂಬ ಹೆಸರಾಂತ ತಳಿ ಸಿಕ್ಕಿದ್ದು ಹಾಗೆ. ಹೊರಗಿನ ಜೀನು ಸೇರಿಸುವುದಾದರೆ ಇಂಥ ಗಟ್ಟಿ ತಳಿಗೆ ಸೇರಿಸಬೇಕು. ಪ್ರಯೋಗಾಲಯದ ನಾಜೂಕು ತಳಿ ಕಾರ್ಖಾನೆಯಲ್ಲಿ ಉಳಿಯದು.

ಇಷ್ಟೆಲ್ಲ ಆದ ಮೇಲೆ ಕಾರ್ಖಾನೆಗಳು ಎದ್ದವು. 2014ರ ಸೆಪ್ಟೆಂಬರಿನಲ್ಲಿ ಅಯೋವಾದ ಎಮೆಟ್ಸ್‌ಬರ್ಗ್ ಎಂಬ ಚಿಕ್ಕ ಊರಿನಲ್ಲಿ ದೊಡ್ಡ ಸಮಾರಂಭ. ನೆದರ್‌ಲ್ಯಾಂಡ್ಸಿನ ದೊರೆ ವಿಲಂ ಅಲೆಕ್ಸಾಂಡರ್ ಬಂದಿದ್ದರು. ಅಮೆರಿಕದ ಪೋಯೆಟ್ ಕಂಪನಿ ಮತ್ತು ಡಚ್ಚರ ಡಿಎಸ್‌ಎಂ ಕಂಪನಿ ಸೇರಿ ಕಟ್ಟಿದ ಕಾರ್ಖಾನೆ ಅದು. ಯೀಸ್ಟ್ ಡಿಎಸ್‌ಎಂನದು. ದಿನಕ್ಕೆ 700 ಟನ್ ಮೀರಿ ಮೆಕ್ಕೆಜೋಳದ ದಂಟು ಅರೆದು, ವರ್ಷಕ್ಕೆ ಏಳೂವರೆ ಕೋಟಿ ಲೀಟರ್ ಎಥೆನಾಲ್ ಮಾಡುವ ಗುರಿ. ಅದೇ ವರ್ಷ ಕನ್ಸಾಸ್ ರಾಜ್ಯದ ಹ್ಯೂಗೊಟನ್ನಿನಲ್ಲಿ ಅಬೆಂಗೋವಾ ಕಂಪನಿಯ ಕಾರ್ಖಾನೆ ಶುರುವಾಯಿತು.

ಹ್ಯೂಗೊಟನ್ ಕಾರ್ಖಾನೆ ಸುಮಾರು ಒಂದೇ ವರ್ಷದಲ್ಲಿ ನಿಂತಿತು. ಎಮೆಟ್ಸ್‌ಬರ್ಗಿನದೂ ಉತ್ಪಾದನೆ ನಿಲ್ಲಿಸುವುದಾಗಿ 2019ರಲ್ಲಿ ಪ್ರಕಟಿಸಿತು.

ಯೀಸ್ಟ್ ಸೋತಿತೇ? ಇಲ್ಲ. ತೊಡಕು ಬಂದದ್ದು ಅದಕ್ಕೂ ಮೊದಲಿನ ಹಂತದಲ್ಲಿ. ಹೊಲದಿಂದ ಬಾಚಿ ತಂದ ದಂಟಿನ ಪೆಂಡಿಗಳಲ್ಲಿ ಮಣ್ಣು, ಮರಳು ಸೇರಿರುತ್ತದೆ. ಅದು ಯಂತ್ರಗಳ ಲೋಹವನ್ನೇ ತೇಯುತ್ತದೆ. ಒದ್ದೆಯಾದ ದಂಟು ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಬರುವ ಹುಲ್ಲನ್ನು ವರ್ಷವಿಡೀ ಕೂಡಿಡಬೇಕು. ಅದರ ಜೊತೆಗೆ ಕಚ್ಚಾತೈಲದ ಬೆಲೆ 2014ರ ಕೊನೆಗೆ ಕುಸಿಯಿತು. ಕಂಪನಿಗಳು ಸರ್ಕಾರದ ನೀತಿಯನ್ನೂ ದೂರಿದವು. ಹೀಗೆ ನಿಂತುಹೋದ ಕಾರ್ಖಾನೆಗಳನ್ನು ತೋರಿಸಿ ಈ ಇಡೀ ವಿದ್ಯೆಯೇ ವ್ಯರ್ಥ ಎನ್ನುವವರಿದ್ದಾರೆ. ಆ ಮಾತು ನ್ಯಾಯವಲ್ಲ. ನಲವತ್ತು ವರ್ಷದ ಹಿಂದೆ ಆಗದೆ ಉಳಿದಿದ್ದ ಭಾಗವೇ ಇಂದು ಸರಿಯಾಗಿ ನಡೆಯುತ್ತಿದೆ. ಸುಲಭ ಎಂದುಕೊಂಡಿದ್ದ ಹುಲ್ಲು ಹೊರುವ, ಅರೆಯುವ ಕೆಲಸಕ್ಕೆ ಅಷ್ಟೇ ಬುದ್ಧಿ, ಅಷ್ಟೇ ಹಣ ಹಾಕಲಿಲ್ಲ.

ಇದುವರೆಗೆ ಯೀಸ್ಟಿನ ಕತೆ, ಅದರ ಹಿಂದೆಯೇ ಕಾರ್ಖಾನೆಗಳ ಕತೆ ಆಯಿತು. ಈಗ ನಮ್ಮ ದೇಶಕ್ಕೆ ಬರೋಣ.

ಹರಿಯಾಣದ ಪಾನಿಪತ್ತಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಕಾರ್ಖಾನೆ 2022ರ ಆಗಸ್ಟ್ 10ರಂದು ಲೋಕಾರ್ಪಣೆಯಾಯಿತು. ಖರ್ಚು 900 ಕೋಟಿ ರೂಪಾಯಿ ಮೀರಿದೆ. ತಂತ್ರಜ್ಞಾನ ಪುಣೆಯ ಪ್ರಾಜ್ ಕಂಪನಿಯದು. ವರ್ಷಕ್ಕೆ ಎರಡು ಲಕ್ಷ ಟನ್ ಭತ್ತದ ಹುಲ್ಲಿನಿಂದ ಸುಮಾರು ಮೂರು ಕೋಟಿ ಲೀಟರ್ ಎಥೆನಾಲ್ ಅದರ ಗುರಿ. ಕೇಂದ್ರ ಸರ್ಕಾರದ ನೆರವಿನ ಇದೇ ಬಗೆಯ ಯೋಜನೆಗಳ ಪಟ್ಟಿಯಲ್ಲಿ ನಮ್ಮ ದಾವಣಗೆರೆ ಜಿಲ್ಲೆಯ ಹೆಸರೂ ಸೇರಿತ್ತು.

ಪಾನಿಪತ್ತಿನ ಲೆಕ್ಕವನ್ನು ಭಾಗಿಸಿ ನೋಡಿದರೆ ಒಂದು ಟನ್ ಹುಲ್ಲಿಗೆ 150 ಲೀಟರ್. ಭತ್ತದ ಹುಲ್ಲಿನಲ್ಲಿರುವ ಎರಡೂ ಸಕ್ಕರೆಗಳು ಒಂದು ಹನಿಯೂ ನಷ್ಟವಾಗದೆ ಮದ್ಯಸಾರವಾದರೆ, ಕಾಗದದ ಲೆಕ್ಕದಲ್ಲಿ, ಟನ್ನಿಗೆ 400 ಲೀಟರಿನ ಹತ್ತಿರ ಬರಬೇಕು. ಅದರಲ್ಲಿ ನೂರು ಲೀಟರಿಗೂ ಹೆಚ್ಚು ಪಾಲು ಕ್ಸೈಲೋಸಿನದು. ಯಾವ ಕಾರ್ಖಾನೆಯೂ ಕಾಗದದ ಲೆಕ್ಕ ಮುಟ್ಟುವುದಿಲ್ಲ, ನಿಜ. ಆದರೂ ಈ ಅಂತರ ಎಷ್ಟು ದೊಡ್ಡದು ಎಂದು ಕೇಳುಗರು ಗಮನಿಸಬೇಕು. ಐದು ಇಂಗಾಲದ ಆ ಸಕ್ಕರೆಗಾಗಿ ಇಷ್ಟು ಜನ ಇಷ್ಟು ವರ್ಷ ಯಾಕೆ ದುಡಿದರು ಎಂಬುದು ಈ ಅಂಕಿಗಳಲ್ಲೇ ಇದೆ.

ಇನ್ನು ಬ್ರೆಜಿಲಿನಲ್ಲಿ ಕಬ್ಬಿನ ಸಿಪ್ಪೆ ಮೊದಲೇ ಕಾರ್ಖಾನೆಯ ಅಂಗಳದಲ್ಲಿದೆ. ಸಾಗಾಣಿಕೆಯ ತೊಡಕು ಕಡಿಮೆ. ಒಟ್ಟಾವದ ಐಯೊಜೆನ್ ತಂತ್ರಜ್ಞಾನವನ್ನು ತಂದು ರೈಜೆನ್ ಕಂಪನಿ ಪಿರಾಸಿಕಾಬಾದಲ್ಲಿ ಕಟ್ಟಿದ ಘಟಕವನ್ನು 2015ರಲ್ಲಿ ಅಧ್ಯಕ್ಷೆ ಡಿಲ್ಮಾ ರೂಸೆಫ್ ಉದ್ಘಾಟಿಸಿದರು. ಅದರ ಎರಡರಷ್ಟು ಸಾಮರ್ಥ್ಯದ ಇನ್ನೊಂದು ಘಟಕ 2024ರಲ್ಲಿ ಗ್ವಾರಿಬಾದಲ್ಲಿ ಶುರುವಾಯಿತು. ವರ್ಷಕ್ಕೆ ಎಂಟು ಕೋಟಿ ಲೀಟರಿನ ಘಟಕ ಅದು.

ತಿದ್ದಿದ ಯೀಸ್ಟ್ ಸದ್ದಿಲ್ಲದೆ ಗೆದ್ದ ಜಾಗವೊಂದಿದೆ. ಮೆಕ್ಕೆಜೋಳದ ಕಾಳಿನಿಂದ ಎಥೆನಾಲ್ ಮಾಡುವ ಅಮೆರಿಕದ ಹಳೆಯ ಕಾರ್ಖಾನೆಗಳು. ಕಾಳಿನ ಹಿಟ್ಟನ್ನು ಗ್ಲೂಕೋಸಾಗಿ ಒಡೆಯಲು ಅಲ್ಲಿ ಕಿಣ್ವವನ್ನು ಕೊಂಡು ತಂದು ಹಾಕಬೇಕಿತ್ತು. ಮ್ಯಾಸ್ಕೋಮಾ ಎಂಬ ಕಂಪನಿ 2012ರ ಹೊತ್ತಿಗೆ ಆ ಕಿಣ್ವವನ್ನು ತಾನೇ ತಯಾರಿಸುವ ಯೀಸ್ಟನ್ನು ಮಾರುಕಟ್ಟೆಗೆ ತಂದಿತು. ಕೊಳ್ಳುವ ಕಿಣ್ವದ ಖರ್ಚು ಇಳಿಯಿತು. ಕಾರ್ಖಾನೆಯವರು ಒಂದು ಯಂತ್ರವನ್ನೂ ಬದಲಿಸಬೇಕಾಗಲಿಲ್ಲ.

ಹುಲ್ಲಿನ ವಿಷಯದಲ್ಲೂ ಹೀಗೇ ಆಗಬೇಕು ಎಂದು ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಶ್ ವಿಶ್ವವಿದ್ಯಾಲಯದ ಎಮಿಲ್ ವಾನ್ ಜಿಲ್ ಮತ್ತು ಅಮೆರಿಕದ ಲೀ ಲಿಂಡ್ ಬಹುಕಾಲದಿಂದ ದುಡಿದಿದ್ದಾರೆ. ಸೆಲ್ಯುಲೋಸನ್ನು ಒಡೆಯುವ ಕಿಣ್ವವನ್ನು ಯೀಸ್ಟೇ ಸುರಿಸಬೇಕು, ಒಡೆದ ಎರಡೂ ಸಕ್ಕರೆಯನ್ನು ಅದೇ ತಿನ್ನಬೇಕು, ಮದ್ಯಸಾರವನ್ನೂ ಅದೇ ಕೊಡಬೇಕು. ಸೊಲೊಮನ್ ದ್ವೀಪದ ಶಿಲೀಂಧ್ರದ ಇಂದಿನ ಕಾರ್ಖಾನೆ ತಳಿಗಳು ಒಂದು ಲೀಟರ್ ದ್ರವಕ್ಕೆ ನೂರು ಗ್ರಾಂನಷ್ಟು ಪ್ರೋಟೀನ್ ಸುರಿಸುತ್ತವೆ. ಯೀಸ್ಟ್ ಸುರಿಸುವ ಕಿಣ್ವ ಅದರ ಹತ್ತನೇ ಒಂದು ಪಾಲನ್ನೂ ಮುಟ್ಟಿಲ್ಲ. ಈಗ ಆ ಪ್ರಯೋಗಾಲಯಗಳಲ್ಲಿ ನಡೆಯುತ್ತಿರುವ ಕೆಲಸ ಈ ಪಾಲನ್ನು ಹೆಚ್ಚಿಸುವುದೇ.